ಊರ ಹೆಸರೂ ಹಾಡುಗಾರನ ಹೆಸರೂ

ಮಳೆಗಾಲ ಕಳೆದು ಇಬ್ಬನಿ ಬೀಳತೊಡಗಿತೆಂದರೆ ಭಟ್ಕಳದಿಂದ ಕುಮಟೆಯವರೆಗೆ ಹೆದ್ದಾರಿಯ ಬದಿಯ ಗೋಡೆಗಳಿಗೂ ಬಸ್ಸು ನಿಲ್ದಾಣದ ಕಂಬಗಳಿಗೂ ಯಕ್ಷಗಾನದ ಜಾಹೀರಾತುಗಳು ಅಂಟಿಕೊಳ್ಳುತ್ತವೆ. ಹಿಂದೆ ಆ ಕೆಲಸವನ್ನು ಸಂಜೆಯ ಕೇಳಿಯ ಚಂಡೆಯೇ ಮಾಡುತ್ತಿತ್ತು. ನಾಲ್ಕು ಊರಿಗೆ ಅದು ಕೇಳಿಸಿದರೆ ಸಾಕು, ಜನ ಚಾಪೆ ಸುತ್ತಿಕೊಂಡು ಹೊರಡುತ್ತಿದ್ದರು. ಈಗಿನ ಜಾಹೀರಾತಿನಲ್ಲಿ ಪ್ರಸಂಗದ ಹೆಸರಿಗಿಂತ ಕಲಾವಿದರ ಭಾವಚಿತ್ರ ದೊಡ್ಡದು. ಅವರ ಹೆಸರಿಗಿಂತ ಬಿರುದು ಉದ್ದ.

ಅಂಥದೊಂದು ಬಿರುದನ್ನು ಬೇಡಿಕೊಂಡು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವರ್ಷ ಮನೆಗೆ ಬಂದ. ಅಘನಾಶಿನಿಯ ದಂಡೆಯ ಸಣ್ಣ ಊರಿನವನು. ಮೇಳವೊಂದರಲ್ಲಿ ಎರಡನೆಯ ಭಾಗವತ. "ಸರ್, ಒಳ್ಳೆಯದೊಂದು ಬಿರುದು ಹೊಸೆದು ಕೊಡಿ. ಮೇಳ ಬಿಟ್ಟ ಮೇಲೆ ಆರು ತಿಂಗಳು ಮನೆ ನಡೆಯಬೇಕು. ಹೆಸರಿಲ್ಲದವನನ್ನು ಮಳೆಗಾಲದ ಆಟಕ್ಕೆ ಯಾರು ಕರೆಯುತ್ತಾರೆ?" ಎಂದ. ತನ್ನ ಹಾಡಿನ ತುಣುಕುಗಳನ್ನು ಮೊಬೈಲಿನಲ್ಲಿ ತೋರಿಸಿದ. ಒಂದೊಂದೂ ಅರ್ಧ ನಿಮಿಷದ್ದು; ಎಲ್ಲದರಲ್ಲಿಯೂ ತಾರಸ್ಥಾಯಿಯ ಒಂದೇ ಏರು. ಹೆಸರಿನ ಹಿಂದಿದ್ದ ಊರನ್ನು ಅವನು ಕಿತ್ತುಹಾಕಿದ್ದ. ಕೇಳಿದರೆ, "ಆ ಊರು ಯಾರಿಗೆ ಗೊತ್ತು ಸರ್?" ಎಂದ.

ನಾನು ಒಡನೆ ಒಪ್ಪಲಿಲ್ಲ. ಕಾರಣ ನನ್ನದೇ ಒಂದು ಹಳೆಯ ತಪ್ಪು. ಹಲವು ವರ್ಷಗಳ ಕೆಳಗೆ ಒಬ್ಬ ಗಾಯಕರ ಸನ್ಮಾನಕ್ಕೆ ಬಿನ್ನವತ್ತಳೆ ಬರೆದುಕೊಡುವಾಗ, ಅವರ ಹಾಡನ್ನು ಒಂದು ಸಲವೂ ಕೇಳದೆ ಅವರನ್ನು ಕೋಗಿಲೆಗೂ ಗಂಧರ್ವರಿಗೂ ಹೋಲಿಸಿಬಿಟ್ಟಿದ್ದೆ. ಸಭೆ ಚಪ್ಪಾಳೆ ತಟ್ಟಿತು. ಅನಂತರ ಅವರು ಹಾಡಿದರು. ಅಂದು ತಗ್ಗಿಸಿದ ತಲೆಯ ನೆನಪು ನನಗಿನ್ನೂ ಮಾಸಿಲ್ಲ.

ಹೆಸರು ಮಾಡುವುದು ಹೊಸ ಆಸೆಯೇನೂ ಅಲ್ಲ. ನಮ್ಮ ವಚನಕಾರರೂ ದಾಸರೂ ತಮ್ಮ ರಚನೆಗಳಿಗೆ ಅಂಕಿತವಿಟ್ಟರು; ಆದರೆ ಆ ಗುರುತಿನಲ್ಲಿ ತಮ್ಮ ಹೆಸರಿಗೆ ಬದಲು ಇಷ್ಟದೈವದ ಹೆಸರನ್ನಿರಿಸಿದರು. ನಮ್ಮ ಸಂಗೀತಗಾರರಿಗೂ ಯಕ್ಷಗಾನದವರಿಗೂ ಊರೇ ಅಂಕಿತ. ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿಯವರು ಹಾನಗಲ್ಲನ್ನು ದೇಶಕ್ಕೆಲ್ಲ ಪರಿಚಯಿಸಿದರು. ಹೊನ್ನಾವರ ತಾಲೂಕಿನ ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಮೇಳ ಕಟ್ಟಿದಾಗ ಅದಕ್ಕಿಟ್ಟ ಹೆಸರು ಇಡಗುಂಜಿ ಮಹಾಗಣಪತಿಯದು. ನಾಲ್ಕು ತಲೆಮಾರು ಕಳೆದರೂ ಜನ ಅದನ್ನು ಕೆರೆಮನೆ ಮೇಳವೆಂದೇ ಕರೆಯುತ್ತಾರೆ. ಅದೇ ತಾಲೂಕಿನ ಚಿಟ್ಟಾಣಿ ಎಷ್ಟು ದೊಡ್ಡ ಊರು? 1933ರಲ್ಲಿ ಹುಟ್ಟಿದ ರಾಮಚಂದ್ರ ಹೆಗಡೆಯವರು ಭಸ್ಮಾಸುರನಾಗಿ, ಕೀಚಕನಾಗಿ ಕುಣಿದು ಕುಣಿದು ಆ ಊರನ್ನೇ ಒಂದು ಶೈಲಿಯ ಹೆಸರಾಗಿಸಿದರು. 2012ರಲ್ಲಿ ಪದ್ಮಶ್ರೀ ಬಂದಾಗ ನಮ್ಮವರು "ಚಿಟ್ಟಾಣಿಗೆ ಬಂತು" ಎಂದರೇ ಹೊರತು ಪೂರ್ಣನಾಮ ಹೇಳಿದವರು ಕಡಿಮೆ.

ಇವರೆಲ್ಲ ಮುಮ್ಮೇಳದವರು. ಹಿಮ್ಮೇಳದಲ್ಲಿ ಕುಳಿತವನ ಹೆಸರು ಹಬ್ಬುವುದು ಇನ್ನೂ ಕಷ್ಟ. ಶಿರಸಿ ಕಡೆಯ ನೆಬ್ಬೂರು ನಾರಾಯಣ ಭಾಗವತರು ಕೆರೆಮನೆಯವರ ವೇಷಗಳಿಗೆ ದಶಕಗಳ ಕಾಲ ಹಾಡಿ, ಆ ವೇಷಗಳೊಡನೆಯೇ ನೆನಪಿನಲ್ಲಿ ಉಳಿದರು. ಗುಂಡ್ಮಿಯ ಕಾಳಿಂಗ ನಾವಡರದು ಬೇರೆ ಬಗೆ. ಅವರ ಪದ್ಯಕ್ಕಾಗಿಯೇ ಜನ ಆಟಕ್ಕೆ ಬರುತ್ತಿದ್ದರು. 1990ರಲ್ಲಿ, ಹರೆಯದಲ್ಲಿಯೇ, ಅಪಘಾತ ಅವರನ್ನು ಒಯ್ದರೂ ಕ್ಯಾಸೆಟ್ಟುಗಳು ಆ ಕಂಠವನ್ನು ಉಳಿಸಿದವು. ಯಂತ್ರವನ್ನು ಹಳಿದು ಫಲವಿಲ್ಲವೆಂಬುದಕ್ಕೆ ಅವರೇ ಸಾಕ್ಷಿ. ಆದರೆ ಕ್ಯಾಸೆಟ್ಟಿನಲ್ಲಿ ಪದ್ಯಕ್ಕೊಂದು ಹಿಂದುಮುಂದು ಇರುತ್ತಿತ್ತು. ಅರ್ಧ ನಿಮಿಷದ ತುಣುಕಿನಲ್ಲಿ ಅದಿಲ್ಲ.

"ಮೊದಲು ನಿನ್ನ ಪದ್ಯ ಕೇಳುತ್ತೇನೆ" ಎಂದು ಹುಡುಗನನ್ನು ಕಳುಹಿಸಿ, ಹೊನ್ನಾವರದ ಹತ್ತಿರದ ಒಂದು ಹರಕೆ ಆಟಕ್ಕೆ ಹೋದೆ. ಗದಾಯುದ್ಧ. ನಡುರಾತ್ರಿ ದಾಟಿದ ಮೇಲೆ ಅವನು ತಾಳ ಹಿಡಿದು ಕುಳಿತ. ಏರು ಪದ್ಯ ಬಂದೊಡನೆ ನೂರು ಮೊಬೈಲುಗಳು ಮೇಲೆದ್ದವು. ಸ್ವರವೇನೋ ಏರಿತು, ಸಾಹಿತ್ಯ ಮಾತ್ರ ಕೇಳಿಸಲಿಲ್ಲ. ನನಗೆ ನಿರಾಸೆಯಾಯಿತು.

ಮುಂದೆ ಸರೋವರದ ದಂಡೆಯ ಸನ್ನಿವೇಶ. ಕೌರವನ ವೇಷದವರು ವಯಸ್ಸಾದವರು. ಕುಣಿತ ಮುಗಿಯುವ ಹೊತ್ತಿಗೆ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಹುಡುಗ ಅದನ್ನು ಕಂಡ. ಮದ್ದಳೆಯವರಿಗೆ ಕಣ್ಣಿನಲ್ಲೇ ಸನ್ನೆ ಮಾಡಿ ಗತಿಯನ್ನು ಇಳಿಸಿದ; ಒಂದು ನುಡಿಯನ್ನು ಮೆಲ್ಲನೆ ಬಿಡಿಸಿ ಬಿಡಿಸಿ, ಮುದುಕರ ಉಸಿರು ನೆಲೆಗೆ ಬರುವವರೆಗೂ ಹಾಡಿದ. ಆ ದಣಿವೇ ಸೋತ ಅರಸನ ದಣಿವಾಯಿತು. ಪದದ ಒಂದಕ್ಷರವೂ ಅಳಿಯಲಿಲ್ಲ. ಮೇಲೆದ್ದಿದ್ದ ಮೊಬೈಲುಗಳೆಲ್ಲ ಅಷ್ಟರಲ್ಲಿ ಕೆಳಗಿಳಿದಿದ್ದವು.

ಬೆಳಗಿನ ಜಾವ ಚೌಕಿಗೆ ಹೋಗಿ ಒಂದು ಚೀಟಿ ಕೊಟ್ಟೆ. ಅದರಲ್ಲಿ ಅವನ ಊರು, ಅವನ ಹೆಸರು, ಕೆಳಗೆ ಅವನಿಗೆ ಪದ್ಯ ಕಲಿಸಿದ ಗುರುಗಳ ಹೆಸರು ಇಷ್ಟೇ ಇದ್ದವು. ಓದಿ, "ಬಿರುದು?" ಎಂದ. "ಚಿಟ್ಟಾಣಿಯೂ ಒಂದು ಕಾಲಕ್ಕೆ ಯಾರಿಗೂ ಗೊತ್ತಿರದ ಊರೇ ಆಗಿತ್ತಪ್ಪ" ಎಂದೆ. ಆ ವೇಷಧಾರಿ ಬಣ್ಣ ತೆಗೆಯುತ್ತ, "ನನ್ನ ಮಳೆಗಾಲದ ಎರಡು ಆಟಕ್ಕೆ ಇವನನ್ನೇ ಕರೀತೇನೆ ಮಾಸ್ತರೇ" ಎಂದರು.

ಎರಡು ಆಟದಲ್ಲಿ ಆರು ತಿಂಗಳು ಸಾಗದು. ಅದು ನನಗೆ ಗೊತ್ತು, ಹುಡುಗನಿಗೂ ಗೊತ್ತು. ಆದರೂ ಈ ಸಲದ ಜಾಹೀರಾತೊಂದನ್ನು ಕುಮಟೆಯ ನಿಲ್ದಾಣದಲ್ಲಿ ಕಂಡೆ. ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ, ಅವನ ಹೆಸರಿನ ಹಿಂದೆ ಅವನ ಊರು ಮರಳಿ ಬಂದು ಕುಳಿತಿತ್ತು.