ಹೆಡ್‌ಲೈಟಿನ ಹಿಂದೊಬ್ಬ ಎಂಜಿನಿಯರ್

ಮಳೆಗಾಲದ ಸಂಜೆ ನಾಪೋಕ್ಲಿನಿಂದ ಕಕ್ಕಬ್ಬೆಗೋ ಭಾಗಮಂಡಲಕ್ಕೋ ಜೀಪು ಓಡಿಸುವವರಿಗೆ ದೀಪದ ಬೆಲೆ ಗೊತ್ತು. ಹೊತ್ತಿಗೆ ಮುಂಚೆಯೇ ಕವಿಯುವ ಕತ್ತಲು, ಇಕ್ಕೆಲಗಳಲ್ಲೂ ಕಾಫಿ ತೋಟದ ಮರಗಳು, ಮೇಲೆ ಮಳೆ, ಎದುರಿಗೆ ಮಂಜು. ಕಾವೇರಿ ಉಕ್ಕಿದ ದಿನ ರಸ್ತೆ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂಬುದನ್ನೂ ಹೆಡ್‌ಲೈಟೇ ತೋರಿಸಬೇಕು. ರೈಲು ಮಾರ್ಗವೇ ಇಲ್ಲದ ಜಿಲ್ಲೆ ಕೊಡಗು. ಶಾಲೆಗೆ, ಸಂತೆಗೆ, ಆಸ್ಪತ್ರೆಗೆ, ಎಲ್ಲಕ್ಕೂ ರಸ್ತೆಯೇ ಗತಿ.

ಆದರೆ ಆ ದೀಪವನ್ನು ರೂಪಿಸುವುದೂ ಒಂದು ಉದ್ಯೋಗ, ಅದಕ್ಕೆ ಓದಬೇಕಾದದ್ದು ಎಲೆಕ್ಟ್ರಿಕಲ್ ಅಥವಾ ಎಲೆಕ್ಟ್ರಾನಿಕ್ಸ್ ಎಂಬ ಮಾತು ಮನೆಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಎಲೆಕ್ಟ್ರಿಕಲ್ ಎಂದರೆ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್, ಅಂದಿನ ಕೆ.ಇ.ಬಿ., ಇಂದಿನ ಸೆಸ್ಕ್ ಕಚೇರಿ. ಅಲ್ಲಿ ಕೆಲಸ ಸಿಗದಿದ್ದರೆ ಮುಂದೇನು ಎಂಬುದು ತಂದೆ ತಾಯಿಯರ ಚಿಂತೆ. ವಾಹನದೊಳಗೂ ಒಂದು ಪುಟ್ಟ ವಿದ್ಯುತ್ ಕೇಂದ್ರವಿದೆ, ಅದನ್ನು ನೋಡಿಕೊಳ್ಳಲೂ ಎಂಜಿನಿಯರುಗಳು ಬೇಕು ಎಂಬುದು ಲೆಕ್ಕಕ್ಕೇ ಬಂದಿರುವುದಿಲ್ಲ.

ಹೆಚ್ಚು ಬೆಳಕು ಕೊಡುವುದು ದೊಡ್ಡ ವಿದ್ಯೆಯಲ್ಲ. ಬೇಕಾದ ಕಡೆ ಕೊಟ್ಟು, ಬೇಡದ ಕಡೆ ತಡೆಯುವುದೇ ವಿದ್ಯೆ. ಡಿಮ್ ಹಾಕಿದಾಗ ಗೋಡೆಯ ಮೇಲೆ ಬೀಳುವ ಬೆಳಕನ್ನು ಗಮನಿಸಿದರೆ ಮೇಲ್ಭಾಗದಲ್ಲಿ ಗೆರೆ ಎಳೆದಂತೆ ಕತ್ತರಿಸಿರುವುದು ಕಾಣುತ್ತದೆ. ಎದುರಿನ ಚಾಲಕನ ಕಣ್ಣು ಆ ಗೆರೆಯ ಮೇಲಿರಬೇಕೆಂಬುದೇ ಅದರ ಉದ್ದೇಶ. ನಮ್ಮಲ್ಲಿ ವಾಹನಗಳು ಎಡಬದಿಯಲ್ಲಿ ಓಡುವುದರಿಂದ ಎಡಕ್ಕೆ ಮಾತ್ರ ಆ ಗೆರೆ ಸ್ವಲ್ಪ ಮೇಲೇರುತ್ತದೆ. ರಸ್ತೆ ಅಂಚಿನಲ್ಲಿ ನಡೆದು ಹೋಗುವವರು ಕಾಣಲೆಂದು. ಜರ್ಮನಿಯ ರಸ್ತೆಗೆಂದು ಮಾಡಿದ ದೀಪವನ್ನು ತಂದು ಇಲ್ಲಿ ಕೂರಿಸಿದರೆ ಆ ಏರು ಬಲಕ್ಕೆ ಬಂದು ಎದುರಿನವನ ಕಣ್ಣಿಗೇ ಬಡಿಯುತ್ತದೆ. ಕತ್ತಲ ಕೋಣೆಯಲ್ಲಿ 25 ಮೀಟರ್ ದೂರದ ಪರದೆಯ ಮೇಲೆ ಬಿಂದು ಬಿಂದುವಿನ ಬೆಳಕನ್ನು ಅಳೆದು ನೋಡುವುದು ಈ ಕೆಲಸದ ದಿನಚರಿ.

ಮಂಜಿನಲ್ಲಿ ಹೈಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದಂತಾಗುವುದೇಕೆ? ನೀರಿನ ಸಣ್ಣ ಹನಿಗಳು ಬೆಳಕನ್ನು ಚದುರಿಸಿ ಚಾಲಕನತ್ತಲೇ ಹಿಂದಕ್ಕೆ ಕಳಿಸುತ್ತವೆ. ಆದ್ದರಿಂದಲೇ ಮಂಜಿನ ದೀಪವನ್ನು ಬಂಪರಿನ ಹತ್ತಿರ, ಕೆಳಗೆ ಕೂರಿಸುತ್ತಾರೆ. ಅದರ ಬೆಳಕು ಅಗಲವಾಗಿ, ನೆಲಕ್ಕೆ ಹತ್ತಿರವಾಗಿ ಹರಡಬೇಕು. ಹಳದಿ ಬೆಳಕು ಮಂಜನ್ನು ಸೀಳುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ಮಂಜಿನ ಹನಿ ಬೆಳಕಿನ ತರಂಗಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅದು ಹಳದಿ, ನೀಲಿ ಎಂದು ಭೇದ ಮಾಡುವುದಿಲ್ಲ. ಬಣ್ಣಕ್ಕಿಂತ ಬೆಳಕಿನ ಆಕಾರ ಮುಖ್ಯ.

60/55 ವಾಟಿನ ಬಲ್ಬ್ ಕಿತ್ತು 100/90ರದ್ದನ್ನು ಹಾಕಿಸಿಕೊಳ್ಳುವವರೂ ಇದ್ದಾರೆ. ಹೋಲ್ಡರ್ ಕರಗಿ, ತಂತಿ ಸುಟ್ಟ ಮೇಲೆ ವಾಟಿನ ಲೆಕ್ಕ ನೆನಪಾಗುತ್ತದೆ. ಎದುರಿನಿಂದ ಬಂದವನ ಪಾಡು ಬೇರೆ.

ಈಗಿನ ದೀಪಗಳಲ್ಲಿ ಬಲ್ಬಿನ ಜಾಗಕ್ಕೆ ಎಲ್‌ಇಡಿ ಬಂದಿದೆ. ಪ್ರಖರವಾದ ನೀಲಿ ಎಲ್‌ಇಡಿ 1993ರಲ್ಲಿ ಜಪಾನಿನಲ್ಲಿ ಸಿದ್ಧವಾದ ಮೇಲೆ ಬಿಳಿ ಬೆಳಕಿನ ಎಲ್‌ಇಡಿಗೆ ದಾರಿಯಾಯಿತು. ಈ ಸಾಧನೆಗೆ ಅಕಾಸಾಕಿ, ಅಮಾನೋ, ನಕಾಮುರಾ ಈ ಮೂವರಿಗೆ 2014ರ ಭೌತಶಾಸ್ತ್ರ ನೊಬೆಲ್ ಸಂದಿತು. ದ್ವಿತೀಯ ಪಿಯುಸಿಯಲ್ಲಿ ಓದುವ ಪಿ-ಎನ್ ಸಂಧಿಯೇ ಇದರ ಮೂಲ. ಬಲ್ಬಿನಂತೆ ಇದನ್ನು ಬ್ಯಾಟರಿಗೆ ನೇರವಾಗಿ ಜೋಡಿಸುವಂತಿಲ್ಲ. ವೋಲ್ಟೇಜು ತುಸು ಏರಿದರೂ ಕರೆಂಟು ಬಹಳ ಏರಿ ಎಲ್‌ಇಡಿ ಸುಟ್ಟೀತು. ಕರೆಂಟನ್ನು ಹದದಲ್ಲಿಡಲು ಡ್ರೈವರ್ ಎಂಬ ಸರ್ಕ್ಯೂಟ್ ಬೇಕು.

ಆ ಸರ್ಕ್ಯೂಟ್ ಬರೆಯುವವರ ಕಷ್ಟ ಒಂದೆರಡಲ್ಲ. ಬ್ಯಾಟರಿ 12 ವೋಲ್ಟಿನದು. ಎಂಜಿನ್ ಓಡುವಾಗ 14ರ ಆಸುಪಾಸು. ಚಾರ್ಜ್ ಆಗುತ್ತಿರುವಾಗಲೇ ಬ್ಯಾಟರಿಯ ತಂತಿ ಕಳಚಿತೆನ್ನಿ, ಕ್ಷಣಮಾತ್ರ 80 ವೋಲ್ಟ್ ದಾಟಿಬಿಡಬಹುದು. ಆ ಹೊಡೆತವನ್ನೂ ಸರ್ಕ್ಯೂಟ್ ತಾಳಿಕೊಳ್ಳಬೇಕು. ಎಲ್‌ಇಡಿಯ ಬಿಸಿ ಬೆಳಕಿನೊಡನೆ ಮುಂದೆ ಹೋಗುವುದಿಲ್ಲ, ಬೆನ್ನಿನಲ್ಲೇ ಕೂರುತ್ತದೆ; ಅದನ್ನು ಹೊರಹಾಕಲು ಲೋಹದ ರೆಕ್ಕೆಗಳು ಬೇಕು. ದೀಪ ಬಿಸಿಯಾಗಿ ತಣಿದಾಗಲೆಲ್ಲ ಒಳಗಿನ ಗಾಳಿ ಹಿಗ್ಗಿ ಕುಗ್ಗುತ್ತದೆ, ತೇವವನ್ನು ಒಳಗೆಳೆಯುತ್ತದೆ. ಗಾಳಿಗೆ ದಾರಿ ಕೊಟ್ಟು ನೀರನ್ನು ತಡೆಯುವ ಪೊರೆಯೊಂದನ್ನು ಅದಕ್ಕಾಗಿ ಇಡುತ್ತಾರೆ. ಕೊಡಗಿನ ಜೂನ್ ತಿಂಗಳಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕೆ?

ಇಷ್ಟೆಲ್ಲ ತೊಂದರೆ ತೆಗೆದುಕೊಳ್ಳುವುದೇಕೆ ಎಂದರೆ, ಬ್ರೇಕ್ ದೀಪವನ್ನೇ ನೋಡಿ. ಬಲ್ಬಿನ ತಂತಿ ಕಾದು ಪೂರ್ತಿ ಬೆಳಗಲು ಸುಮಾರು ಸೆಕೆಂಡಿನ ಐದನೇ ಒಂದು ಭಾಗ ಹಿಡಿಯುತ್ತದೆ. ಎಲ್‌ಇಡಿ ತಕ್ಷಣ ಬೆಳಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹಿಂದೆ ಬರುವ ವಾಹನ ಅಷ್ಟರಲ್ಲಿ ಮೂರು ಮೀಟರಿಗೂ ಹೆಚ್ಚು ಮುಂದೆ ಬಂದಿರುತ್ತದೆ.

ಈ ವೃತ್ತಿಯ ಮೊದಲಿಗರಲ್ಲಿ ಒಬ್ಬರು ಅಮೆರಿಕದ ಚಾರ್ಲ್ಸ್ ಕೆಟರಿಂಗ್. 1876ರಲ್ಲಿ ಓಹಾಯೊ ರಾಜ್ಯದ ರೈತ ಕುಟುಂಬದಲ್ಲಿ ಹುಟ್ಟಿದವರು. ಕೆಲಕಾಲ ಶಾಲಾ ಮಾಸ್ತರಿಕೆ. ಕಾಲೇಜು ಸೇರಿದರೆ ಕಣ್ಣಿನ ತೊಂದರೆಯಿಂದ ಓದು ನಿಂತಿತು. ಟೆಲಿಫೋನ್ ತಂತಿ ಎಳೆಯುವ ಕೆಲಸ ಮಾಡಿ, ಮತ್ತೆ ಕಾಲೇಜಿಗೆ ಮರಳಿ, ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಪಡೆದದ್ದು 1904ರಲ್ಲಿ, 28ರ ಹತ್ತಿರದ ವಯಸ್ಸಿನಲ್ಲಿ. ಮಗನಿಗೆ ಒಂದು ವರ್ಷ ಹಾಳಾಯಿತೆಂದು ಕೊರಗುವ ಪೋಷಕರು ಇದನ್ನು ಗಮನಿಸಬಹುದು. ಕಾರಿನ ಎಂಜಿನನ್ನು ಆಗ ಕೈಯಿಂದ ತಿರುಗಿಸಿ ಚಾಲೂ ಮಾಡಬೇಕಿತ್ತು. ಹಿಡಿ ಹಿಂದಕ್ಕೆ ಹೊಡೆದು ಕೈ ಮುರಿಯುತ್ತಿತ್ತು. ದೀಪ ಕಾರ್ಬೈಡಿನ ಅನಿಲದ್ದು. ಕ್ಯಾಷ್ ರಿಜಿಸ್ಟರಿಗೆ ಮೋಟಾರು ಜೋಡಿಸಿದ್ದ ಕೆಟರಿಂಗ್‌ಗೆ, ಚಿಕ್ಕ ಮೋಟಾರೂ ಕೆಲವು ಕ್ಷಣ ತನ್ನ ಶಕ್ತಿ ಮೀರಿ ದುಡಿಯಬಲ್ಲದೆಂಬುದು ಗೊತ್ತಿತ್ತು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಸ್ಟಾರ್ಟರ್, ಬ್ಯಾಟರಿ, ವಿದ್ಯುತ್ ದೀಪ ಮೂರೂ ಒಂದೇ ವ್ಯವಸ್ಥೆಯಾಗಿ ಬಂದವು.

ಕರ್ನಾಟಕಕ್ಕೂ ಈ ನಂಟು ಹಳೆಯದು. ಬೆಂಗಳೂರಿನಲ್ಲಿ ಮೈಕೋ ಶುರುವಾದದ್ದು 1951ರಲ್ಲಿ. ಈಗ ಅದರ ಹೆಸರು ಬಾಷ್. ರೇವಾ ವಿದ್ಯುತ್ ಕಾರು 2001ರಲ್ಲಿ, ಏಥರ್ ಸ್ಕೂಟರು 2018ರಲ್ಲಿ ಬೆಂಗಳೂರಿನಿಂದಲೇ ರಸ್ತೆಗಿಳಿದವು. ವಿದ್ಯುತ್ ವಾಹನದಲ್ಲಿ ದೀಪ ಉಳಿಸುವ ಪ್ರತಿ ವಾಟೂ ಓಡುವ ದೂರಕ್ಕೆ ಸೇರುತ್ತದೆ. ಹೊಸ ದ್ವಿಚಕ್ರ ವಾಹನಗಳಲ್ಲಿ ಹಗಲೂ ದೀಪ ಉರಿಯುವ ನಿಯಮ 2017ರ ಏಪ್ರಿಲ್‌ನಿಂದ ಬಂದ ಮೇಲೆ ದೀಪದ ಬಾಳಿಕೆಯ ಲೆಕ್ಕವೂ ಬದಲಾಯಿತು.

ದಾರಿ ಎರಡು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿ ಸಿಇಟಿ ಬರೆದು ಬಿ.ಇ.; ಇಲ್ಲವೇ ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷದ ಡಿಪ್ಲೊಮಾ, ಅಲ್ಲಿಂದ ಡಿಸಿಇಟಿ ಬರೆದು ನೇರ ಬಿ.ಇ. ಎರಡನೇ ವರ್ಷ. ಎರಡನೆಯದು ಕೆಳದರ್ಜೆಯ ದಾರಿಯೆಂದು ತಿಳಿಯುವುದು ತಪ್ಪು. ಕೈಗೆ ಸೋಲ್ಡರಿಂಗ್ ಐರನ್ ಬೇಗ ಬರುತ್ತದೆ. ಜಿಲ್ಲೆಯೊಳಗೆ ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಪೊನ್ನಂಪೇಟೆಯ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಇವೆ. ಬೇಕಾದ ಶಾಖೆ ಆ ವರ್ಷ ಇದೆಯೇ ಎಂದು ವಿಚಾರಿಸಿಕೊಂಡೇ ಹೋಗಬೇಕು. ಕೆಲಸ ಸೇರಿದ ಹೊಸದರಲ್ಲಿ ಯಾರೂ ಸರ್ಕ್ಯೂಟ್ ರೂಪಿಸಲು ಬಿಡುವುದಿಲ್ಲ. ಉಪ್ಪುನೀರಿನ ಮಂಜು, ಅಲುಗಾಟ, ಬಿಸಿ-ಚಳಿಯ ಪೆಟ್ಟಿಗೆ, ಇವುಗಳಲ್ಲಿ ಕೆಟ್ಟುಹೋದ ದೀಪವನ್ನು ಬಿಚ್ಚಿ, ಯಾಕೆ ಕೆಟ್ಟಿತೆಂದು ಬರೆದುಕೊಡುವುದೇ ಆರಂಭದ ಕೆಲಸ. ಅದೂ ಬೆಂಗಳೂರು, ಪುಣೆ, ಚೆನ್ನೈಯಂಥ ಊರುಗಳಲ್ಲಿ. ನಾಪೋಕ್ಲಿನ ಮನೆಗೆ ಬರುವುದು ಕೈಲ್‌ಪೊಳ್ದ್‌ಗೆ, ಪುತ್ತರಿಗೆ, ರಜೆ ಸಿಕ್ಕಿದರೆ.