ಮಗ್ಗಕ್ಕೆ ಆಳು ಸಿಗಬಹುದು, ಮೇಸ್ತ್ರಿ ಸಿಗುವುದು ಕಷ್ಟ

ದೊಡ್ಡಬಳ್ಳಾಪುರದ ಸೀರೆ ಉದ್ಯಮ ನಿಂತಿರುವುದು ಮನೆಯಲ್ಲೋ ಪಕ್ಕದ ಶೆಡ್ಡಿನಲ್ಲೋ ಕೆಲವೇ ವಿದ್ಯುತ್ ಮಗ್ಗ ಹಾಕಿಕೊಂಡ ಸಣ್ಣ ಘಟಕಗಳ ಮೇಲೆ. ದೇವಾಂಗ, ಪದ್ಮಶಾಲಿ, ಕುರುಹಿನಶೆಟ್ಟಿ, ತೊಗಟವೀರ ಮನೆತನಗಳಲ್ಲಿ ತಂದೆಯಿಂದ ಮಗನಿಗೆ ಬಂದ ಕಸುಬಿದು. ಈಗ ಪಳಗಿದ ಕೈಗಳಿಗೆ ವಯಸ್ಸಾಗುತ್ತಿದೆ, ಅವರ ಜಾಗಕ್ಕೆ ಬರುವ ಹುಡುಗರು ಕಡಿಮೆಯಾಗುತ್ತಿದ್ದಾರೆ.

ಓಡುವ ಮಗ್ಗವನ್ನು ನೋಡಿಕೊಳ್ಳುವುದನ್ನು ಹೊಸಬರೂ ಬೇಗ ಕಲಿಯುತ್ತಾರೆ. ಕಷ್ಟವಿರುವುದು ಅದನ್ನು ಓಡುವ ಸ್ಥಿತಿಗೆ ತರುವುದರಲ್ಲಿ. ಹಾಸು ಮುಗಿದಾಗ ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸಬೇಕು. ಇದೇ ಕೆಚ್ಚುವ ಕೆಲಸ. ಒಂದು ಸೀರೆಯ ಹಾಸಿನಲ್ಲಿ ಸಾವಿರಾರು ಎಳೆಗಳಿರುತ್ತವೆ, ಒಂದು ಅದಲುಬದಲಾದರೂ ಬಟ್ಟೆಯುದ್ದಕ್ಕೂ ದೋಷ ಕಾಣುತ್ತದೆ. ಲಾಳಿಯ ಸದ್ದು ಬದಲಾದಾಗ ತೊಂದರೆ ಎಲ್ಲಿದೆಯೆಂದು ಗುರುತಿಸುವುದು, ವಿನ್ಯಾಸ ಮೂಡಿಸುವ ಜಕಾರ್ಡ್ ಸಾಧನದಲ್ಲಿ ತಪ್ಪಿದ್ದನ್ನು ಸರಿಪಡಿಸುವುದು ವರ್ಷಗಟ್ಟಲೆ ಮಗ್ಗದ ಮುಂದೆ ನಿಂತ ಮೇಸ್ತ್ರಿಗೆ ಮಾತ್ರ ಬರುವ ವಿದ್ಯೆ.

ಯುವಕರು ಬೇರೆಡೆಗೆ ಹೊರಳಿದ್ದಕ್ಕೆ ಕಾರಣ ಸುತ್ತಲೇ ಇದೆ. 2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾಯಿತು. ದೊಡ್ಡಬಳ್ಳಾಪುರದಲ್ಲೇ ಅಪೆರಲ್ ಪಾರ್ಕ್ ಬಂತು, ಹೊಸಕೋಟೆ, ನೆಲಮಂಗಲಗಳಲ್ಲಿ ಕಾರ್ಖಾನೆ, ಗೋದಾಮುಗಳು ಬೆಳೆದವು. ಅಲ್ಲಿ ತಿಂಗಳ ಸಂಬಳ, ಪಿಎಫ್, ಇಎಸ್‌ಐ ಇವೆ. ಮಗ್ಗದಲ್ಲಿ ಸಾಮಾನ್ಯವಾಗಿ ನೇಯ್ದ ಸೀರೆಗಿಷ್ಟು ಎಂದು ಕೂಲಿ. ಮಾರುಕಟ್ಟೆ ಬಿದ್ದರೆ ಕೂಲಿಗೂ ಪೆಟ್ಟು. ಪಿಎಫ್ ಕಡ್ಡಾಯವಾಗುವುದು ಸಾಮಾನ್ಯವಾಗಿ ಕನಿಷ್ಠ 20 ಜನರಿರುವ ಸಂಸ್ಥೆಗೆ, ಇಎಸ್‌ಐ ಕನಿಷ್ಠ 10 ಜನರಿರುವ ಕಡೆ. ಮನೆ ಮಗ್ಗಗಳು ಈ ಲೆಕ್ಕದೊಳಗೆ ಬರುವುದೇ ಅಪರೂಪ.

ಹೀಗಾಗಿ ನೇಕಾರನಿಗೆ ನಿವೃತ್ತಿಯ ದಿನಾಂಕವೂ ಇಲ್ಲ. ಕಣ್ಣು ಮಂಜಾಗುವವರೆಗೆ, ಮಂಡಿ ಸೋಲುವವರೆಗೆ ದುಡಿದು ಒಂದು ದಿನ ನಿಲ್ಲಿಸುತ್ತಾನೆ. ಕಾರ್ಖಾನೆಯಲ್ಲಾದರೆ 58ಕ್ಕೋ 60ಕ್ಕೋ ಯಾರು ಹೊರಡುತ್ತಾರೆಂದು ಮೊದಲೇ ಗೊತ್ತಿರುತ್ತದೆ, ಬದಲಿ ಆಳನ್ನು ತಯಾರು ಮಾಡಲು ಸಮಯವಿರುತ್ತದೆ. ಇಲ್ಲಿ ಮೇಸ್ತ್ರಿ ಬಿಟ್ಟ ಮೇಲೆಯೇ ಹುಡುಕಾಟ ಶುರು. ಹೊರಗಿನಿಂದ ಕಾರ್ಮಿಕರನ್ನು ಕರೆತಂದು ಮಗ್ಗ ಓಡಿಸಬಹುದು, ಆದರೆ ಅವರಿಗೆ ಕಲಿಸುವವರೂ ಮೇಸ್ತ್ರಿಗಳೇ ಆಗಬೇಕು.

ಎಲೆಕ್ಟ್ರಾನಿಕ್ ಜಕಾರ್ಡ್ ಬಂದರೆ ರಟ್ಟಿನ ಕಾರ್ಡು ಕೊರೆಯುವ ಕೆಲಸ ತಪ್ಪುತ್ತದೆ, ಕಂಪ್ಯೂಟರ್ ಬಲ್ಲ ಯುವಕರಿಗೆ ಜಾಗವೂ ಆಗುತ್ತದೆ. ಕೇಂದ್ರದ ಸಮರ್ಥ್ ಯೋಜನೆಯಲ್ಲಿ ಜವಳಿ ತರಬೇತಿಗೆ ನೆರವಿದೆ. ಆದರೆ ಎಳೆ ಸೇರಿಸುವ, ಮಗ್ಗ ಸರಿಪಡಿಸುವ ಹದ ಜೊತೆಯಲ್ಲಿದ್ದು ಮಾಡಿಯೇ ಬರಬೇಕು. ಕಲಿಸಲು ಕೂತ ಮೇಸ್ತ್ರಿಯ ಮಗ್ಗ ನಿಲ್ಲುತ್ತದೆ, ಸೀರೆ ಲೆಕ್ಕದ ಕೂಲಿಯೂ ಅಷ್ಟಕ್ಕೆ ಇಳಿಯುತ್ತದೆ. ಆ ನಷ್ಟವನ್ನು ಮಾಲೀಕರೋ ಸಹಕಾರ ಸಂಘವೋ ಸರ್ಕಾರವೋ ತುಂಬಿಕೊಟ್ಟರೆ ಮಾತ್ರ, ದುಡಿಯುವ ಶಕ್ತಿ ಇರುವಾಗಲೇ ಹಿರಿಯರು ಕಿರಿಯರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಲು ಸಾಧ್ಯ.