ಲಂಡನ್ನಿನಲ್ಲಿದೆ ನಮ್ಮ ಸೀಮೆಯ ಸುಂಕದ ಕಲ್ಲು!

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿ ಬೆಳಗಾವಿಯ ಎರಡು ಶಾಸನಗಳಿವೆ. ಕನ್ನಡ ಅಕ್ಷರದ ಕಲ್ಲುಗಳು! ನಮ್ಮ ಸವದತ್ತಿಯಲ್ಲಿ ಬೆಳೆದು ಬೆಳಗಾವಿಯಲ್ಲಿ ನೆಲೆಯೂರಿದ ರಟ್ಟ ಅರಸರ ಕಾಲದವು. ನಾಲ್ಕನೆಯ ಕಾರ್ತವೀರ್ಯನೂ ಅವನ ತಮ್ಮ ಮಲ್ಲಿಕಾರ್ಜುನನೂ ಆಳುತ್ತಿದ್ದಾಗ, ಕ್ರಿ.ಶ. 1204ರಲ್ಲಿ ಕೊರೆಸಿದವು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬೆಳಕು ಹರಿಯುತ್ತಲೇ ಎದ್ದು ನಮ್ಮೂರು ಮುನವಳ್ಳಿಯ ಪಂಚಲಿಂಗೇಶ್ವರ ಗುಡಿಗೆ ಹೋದೆ. ಯಾದವರ ಕಾಲದ ಶಾಸನಗಳಿಗೆ ಹೆಸರಾದ ಗುಡಿ ಅದು. ಚಿಕ್ಕಂದಿನಿಂದ ಎಷ್ಟು ಸಲ ಆ ಕಟ್ಟೆಯ ಮೇಲೆ ಕೂತಿದ್ದೇನೆ, ಒಂದು ಸಲವಾದರೂ ಕಲ್ಲನ್ನು ಮಾತಾಡಿಸಿದ್ದೆನೇ?

ಆ ಬೆಳಗಾವಿಯ ಕಲ್ಲುಗಳು ರಟ್ಟ ಜಿನಾಲಯಕ್ಕೆ ಬಿಟ್ಟ ದತ್ತಿಯ ಮಾತು ಹೇಳುತ್ತವೆ. ಅರಸರು ಭೂಮಿ ಬಿಟ್ಟರು, ಅದೇನು ಹೊಸದಲ್ಲ. ಮುಂದೆ ಓದಿ, ಮೈ ಝುಮ್ಮೆನ್ನುತ್ತದೆ! ಊರ ವರ್ತಕರು, ಮುಮ್ಮುರಿದಂಡವೆಂಬ ವರ್ತಕ ಸಂಘದವರು, ಗುಜರಾತದ ಕಡೆಯ ಲಾಳರು, ಮಲೆಯಾಳದ ವ್ಯಾಪಾರಿಗಳು ಎಲ್ಲ ಕೂಡಿ, ತಮ್ಮ ಸರಕಿನ ಮೇಲೆ ಇಂತಿಷ್ಟೆಂದು ತಾವೇ ಆಯ ಗೊತ್ತುಮಾಡಿದ್ದಾರೆ. ಆ ಕಾಲದ ನಮ್ಮ ಶಾಸನಗಳಲ್ಲಿ ಇಂಥ ಲೆಕ್ಕ ಎಷ್ಟು ಸಣ್ಣದಕ್ಕೆ ಇಳಿಯುತ್ತದೆಂದರೆ, ಗಾಣಕ್ಕೆ ಒಂದು ಸೊಲ್ಲಗೆ ಎಣ್ಣೆ, ಎಲೆಯ ಹೇರಿಗೆ ಇಷ್ಟು ಎಲೆ! ಇದು ಅರಸನ ಬೊಕ್ಕಸಕ್ಕೆ ಹೋದ ತೆರಿಗೆಯಲ್ಲ, ದೇವರಿಗೆ ಬಿಟ್ಟದ್ದು. ಎರಡನ್ನೂ ಒಂದೇ ಮಾಡಬಾರದು. ಆದರೆ ಕೊಡುವವನೇ ಸಭೆಯಲ್ಲಿ ಕೂತು ಒಪ್ಪಿದ್ದಾನೆ, ಆ ಒಪ್ಪಿಗೆ ಕಲ್ಲಿನ ಮೇಲೇರಿದೆ.

ಈಗ ಆ ಮ್ಯೂಸಿಯಮ್ಮಿನಿಂದ ಅರ್ಧ ತಾಸು ನಡೆದರೆ ವೆಸ್ಟ್‌ಮಿನ್‌ಸ್ಟರ್. ನಮ್ಮ ಕಲ್ಲು ಕೊರೆದು 402 ವರ್ಷವಾದ ಮೇಲೆ, 1606ರಲ್ಲಿ, ಅಲ್ಲಿನ ಎಕ್ಸ್‌ಚೆಕರ್ ಕೋರ್ಟಿನಲ್ಲಿ ಒಂದು ವ್ಯಾಜ್ಯ ನಡೆಯಿತು. ಯಾತಕ್ಕೆ ಗೊತ್ತೇ? ಒಣದ್ರಾಕ್ಷಿಗೆ!

ಜಾನ್ ಬೇಟ್ ಎಂಬ ವ್ಯಾಪಾರಿ ಹಡಗಿನಲ್ಲಿ ಕರಂಟ್ ತರಿಸುತ್ತಿದ್ದ. ಕರಂಟ್ ಅಂದರೆ ಮೆಣಸಿನ ಕಾಳಿಗಿಂತ ಕೊಂಚ ದೊಡ್ಡದಾದ ಕಪ್ಪು ದ್ರಾಕ್ಷಿ. ಹಂಡ್ರೆಡ್‌ವೇಟಿಗೆ, ಅಂದರೆ ಸುಮಾರು ಅರ್ಧ ಕ್ವಿಂಟಲ್ಲಿಗೆ, ಪಾರ್ಲಿಮೆಂಟು ಒಪ್ಪಿದ ಸುಂಕ ಎರಡೂವರೆ ಶಿಲ್ಲಿಂಗ್. ಅದರ ಮೇಲೆ ಒಂದನೆಯ ಜೇಮ್ಸ್ ದೊರೆ ಯಾರನ್ನೂ ಕೇಳದೆ ಮತ್ತೆ ಐದು ಶಿಲ್ಲಿಂಗ್ ಹೇರಿದ. ಬೇಟ್ ಕೊಡಲಿಲ್ಲ. ಮುಖ್ಯ ನ್ಯಾಯಾಧೀಶ ಫ್ಲೆಮಿಂಗ್ ದೊರೆಯ ಪರ ತೀರ್ಪಿತ್ತ: ಬಂದರುಗಳು ದೊರೆಯವು, ಪರದೇಶದ ವ್ಯಾಪಾರ ಅವನ ವಿಶೇಷ ಅಧಿಕಾರಕ್ಕೆ ಸೇರಿದ್ದು, ಸುಂಕವೂ ಹಾಗೆಯೇ.

ಅಲ್ಲಿಗೆ ಕಟ್ಟೆ ಒಡೆಯಿತು. 1608ರಲ್ಲಿ ಖಜಾನೆಯ ಯಜಮಾನ ಸಾಲಿಸ್‌ಬರಿ ನೂರಾರು ಸರಕುಗಳ ಮೇಲೆ ಹೊಸ ಸುಂಕ ಹೇರಿದ. 1610ರಲ್ಲಿ ಕಾಮನ್ಸ್ ಸಭೆಯಲ್ಲಿ ಜೇಮ್ಸ್ ವೈಟ್‌ಲಾಕ್ ಎದ್ದು ನಿಂತು ವಾದಿಸಿದ: ದೊರೆ ಒಬ್ಬನೇ ಇರುವಾಗಿನ ಅಧಿಕಾರ ಬೇರೆ, ಪಾರ್ಲಿಮೆಂಟಿನ ಜೊತೆ ಕೂಡಿದಾಗಿನ ಅಧಿಕಾರ ಬೇರೆ, ಎರಡನೆಯದೇ ದೊಡ್ಡದು. ಎಂಥ ಮಾತು! 1614ರ ಪಾರ್ಲಿಮೆಂಟು ಇದೇ ಜಗಳದಲ್ಲಿ ಒಂದೂ ಕಾಯಿದೆ ಮಾಡದೆ ಮುರಿದುಬಿತ್ತು. 1629ರಲ್ಲಂತೂ ಸಭೆ ಮುಗಿಸಲು ಹೊರಟ ಸ್ಪೀಕರನನ್ನು ಸದಸ್ಯರು ಕುರ್ಚಿಯಲ್ಲೇ ಅದುಮಿ ಹಿಡಿದು ಸುಂಕದ ವಿರುದ್ಧದ ಠರಾವು ಓದಿದರು! ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದ ಇಂಥ ಸುಂಕ ಕಾನೂನುಬಾಹಿರ ಎಂದು ಕಾಯಿದೆಯೇ ಆಗುವಾಗ 1641. ಒಂದು ಹಿಡಿ ಒಣದ್ರಾಕ್ಷಿಗೆ ಮೂವತ್ತೈದು ವರ್ಷ.

ಎಲ್ಲಿಯ ಲಂಡನ್, ಎಲ್ಲಿಯ ಮುನವಳ್ಳಿ ಅಂದಿರಾ? ನವಿಲುತೀರ್ಥದ ಅಣೆಕಟ್ಟು ದಾಟಿದ ಮಲಪ್ರಭೆ ನಮ್ಮೂರ ಮಗ್ಗುಲಲ್ಲೇ ಹರಿಯುತ್ತಾಳೆ. ಆ ಅಣೆಕಟ್ಟಿನ ಬಲದಂಡೆ ಕಾಲುವೆ ನವಲಗುಂದ, ನರಗುಂದದ ಕರಿನೆಲಕ್ಕೆ ಹೋಗುತ್ತದೆ. ಸರಕಾರ ಆ ರೈತರ ಮೇಲೆ ನೀರಿನ ಕರವನ್ನಲ್ಲದೆ, ನೀರಾವರಿಯಿಂದ ಭೂಮಿಯ ಬೆಲೆ ಏರಿತೆಂದು ಬೆಟರ್‌ಮೆಂಟ್ ಲೆವಿಯನ್ನೂ ಹಾಕಿತು. ಕಾಲುವೆಯ ತುದಿಯ ಹೊಲಗಳಿಗೆ ನೀರೇ ಮುಟ್ಟಿರಲಿಲ್ಲ! ವರಲಕ್ಷ್ಮಿ ಹತ್ತಿಯ ಧಾರಣೆಯೂ ಬಿದ್ದುಹೋಗಿತ್ತು. ಬೇಟ್ ಕೇಳಿದಂಥ ಪ್ರಶ್ನೆಯನ್ನೇ ಇವರೂ ಕೇಳಿದರು: ನಮ್ಮನ್ನು ಕೇಳದೆ, ನಮಗೆ ಮುಟ್ಟದ್ದಕ್ಕೆ, ನಾವೇಕೆ ಕೊಡಬೇಕು? ಬೇಟನ ಹೆಸರನ್ನು ಅವರು ಕೇಳಿರಲಿಕ್ಕಿಲ್ಲ. ಕೇಳಬೇಕಾದ್ದೂ ಇರಲಿಲ್ಲ, ಆ ಪ್ರಶ್ನೆ ಈ ಮಣ್ಣಿನಲ್ಲೇ ಇತ್ತು.

1980ರ ಜುಲೈ 21. ಕರದ ವಿರುದ್ಧ ಎದ್ದ ರೈತರ ಮೇಲೆ ಎರಡೂ ಊರುಗಳಲ್ಲಿ ಪೊಲೀಸರ ಗೋಲಿಬಾರು. ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಗುಂಡಿಗೆ ಬಲಿಯಾದರು. ಸಿಟ್ಟಿಗೆದ್ದ ಜನರ ಕೈಯಲ್ಲಿ ಪೊಲೀಸರೂ ಸತ್ತರು, ಆ ಮನೆಗಳ ದುಃಖವನ್ನೂ ಮರೆಯಲಾಗದು. ಆ ಕಿಡಿ ನಾಡಿಗೆಲ್ಲ ಹಬ್ಬಿ, ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು.

ಬೆಳಗಾವಿಯ ಸುಂಕದ ಕಲ್ಲು ನೋಡಲು ಲಂಡನ್ನಿಗೇ ಹೋಗಬೇಕು. ವೀರಪ್ಪನ ವೀರಗಲ್ಲು ಇಲ್ಲೇ ನರಗುಂದದಲ್ಲಿದೆ. ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಿಬನ್ನಿ.